ಮಡಿಯಲ್ಲಿ ಬಿಚ್ಚಿದ ಕಾರ್ಬೊರೇಟರ್

ಶಿವಮೊಗ್ಗದ ಕೋಟೆ ಬೀದಿಗಳಲ್ಲಿ ಮೋಟಾರ್ ಸೈಕಲ್ಲಿನ ಕಾರ್ಬೊರೇಟರಿಗೆ ಪಂಚಾಮೃತವೊಂದನ್ನು ಬಿಟ್ಟು ಮಿಕ್ಕೆಲ್ಲ ಅಭಿಷೇಕ ಮಾಡಿದ ಮನುಷ್ಯ ಯಾರಾದರೂ ಇದ್ದರೆ ಅದು ನಮ್ಮ ಮಾವ, ಅಂದರೆ ನನ್ನ ಗಂಡನ ತಂದೆ. ಪಂಚಾಮೃತವನ್ನೂ ಮಾಡಿರಬಹುದು. ನಾನು ಕಣ್ಣಾರೆ ನೋಡಿಲ್ಲ, ಆದ್ದರಿಂದ ಹೇಳುವುದಿಲ್ಲ. ನಾನು ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ ಮಾಡುವವಳು. ಕಂಡದ್ದನ್ನು ಕಂಡಷ್ಟೇ ಬರೆದು ರೂಢಿ. ಇಲ್ಲಿಯೂ ಹಾಗೇ ಬರೆಯುತ್ತೇನೆ. ನಂಬುವುದು ಕಷ್ಟವಾದರೆ ಏನು ಮಾಡಲಿ? ನೋಡಿದ ನನಗೂ ಕಷ್ಟವಾಗಿತ್ತು!

ಮಾವ ಪುರೋಹಿತರು. ಗೃಹಪ್ರವೇಶ, ನಾಮಕರಣ, ಸತ್ಯನಾರಾಯಣ ಪೂಜೆ ಅಂತ ಊರೂರು ಸುತ್ತುತ್ತಾರೆ. ಹೆಚ್ಚಿನ ಕರೆಗಳು ಬರುವುದು ಭದ್ರಾವತಿಯಿಂದ. ಸುತ್ತುವುದಕ್ಕೆ ಅವರ ಬಳಿ ಒಂದು ಹಳೆಯ ಟೂ-ಸ್ಟ್ರೋಕ್ ಮೋಟಾರ್ ಸೈಕಲ್ ಇದೆ. ಅದರ ಹೊಟ್ಟೆಯ ಪಕ್ಕದಲ್ಲಿ ಮುಷ್ಟಿಯಷ್ಟು ಗಾತ್ರದ ಒಂದು ಲೋಹದ ಡಬ್ಬಿ ಕೂತಿದೆ. ಅದೇ ಕಾರ್ಬೊರೇಟರ್. ಪೆಟ್ರೋಲನ್ನೂ ಗಾಳಿಯನ್ನೂ ಹದವಾಗಿ ಬೆರೆಸಿ ಎಂಜಿನ್ನಿಗೆ ಬಡಿಸುವ ಅಡುಗೆಯವನು ಅದು ಅಂತ ಮಾವ ಹೇಳುತ್ತಾರೆ. "ಅಡುಗೆಯವನು ಕೆಟ್ಟರೆ ಯಜಮಾನ ಎಷ್ಟು ಗಟ್ಟಿಯಾಗಿದ್ರೇನಮ್ಮಾ, ದಾರಿಯಲ್ಲೇ ಮಲಗ್ತಾನೆ." ಮಲಗುತ್ತಿದ್ದ. ಬಹಳ ಕಡೆ ಮಲಗುತ್ತಿದ್ದ.

ಮೊದಲನೆಯ ಆಘಾತ ನನಗೆ ಆದದ್ದು ಮದುವೆಯಾಗಿ ಬಂದ ಹೊಸತರಲ್ಲಿ. ಬೆಳಿಗ್ಗೆ ಅಡುಗೆಮನೆಗೆ ಹೋದೆ. ಒಲೆಯ ಮೇಲೆ ಇಡ್ಲಿ ಪಾತ್ರೆ, ಸುತ್ತಲೂ ಹಬೆ. ಹೊಸ ಸೊಸೆ ಕೈಕಟ್ಟಿ ನಿಲ್ಲಬಾರದಲ್ಲ ಅಂತ ಮುಚ್ಚಳ ತೆಗೆದೆ. ಇಡ್ಲಿ ಇರಲಿಲ್ಲ. ಇಡ್ಲಿಯ ಒಂದೊಂದು ಗುಳಿಯಲ್ಲೂ ಒಂದೊಂದು ಹಿತ್ತಾಳೆಯ ಚೂರು! ಒಂದು ಮೊಳೆಯ ಹಾಗೆ, ಒಂದು ತಿರುಪಿನ ಹಾಗೆ, ಒಂದು ಹೆಂಗಸರ ಮೂಗುಬೊಟ್ಟಿನ ಹಾಗೆ. ನಾನು ಕಿರುಚಿದೆ ಅಂತ ನನ್ನ ಗಂಡ ಇವತ್ತಿಗೂ ಕಂಡವರಿಗೆಲ್ಲ ಹೇಳುತ್ತಾನೆ. ಅದು ಸುಳ್ಳು. ಮುಚ್ಚಳ ಕೈಜಾರಿ ಬಿತ್ತು, ಅಷ್ಟೆ. ಕಿರುಚಿದ್ದು ಮಾವ.

"ಅಯ್ಯೋ, ಹಬೆ ಹೋಯ್ತಲ್ಲಮ್ಮಾ! ಇನ್ನೊಂದು ಸ್ವಲ್ಪ ಬೇಯಬೇಕಿತ್ತು!"

"ಏನು ಮಾವ ಇದು?"

"ಜೆಟ್ಟುಗಳು. ಪೆಟ್ರೋಲು ಹಾಯೋ ತೂತುಗಳಲ್ಲಿ ಗೋಂದು ಕಟ್ಟಿದೆ. ಹಬೆಗೆ ಮೆತ್ತಗಾಗುತ್ತೆ."

ಅತ್ತೆ ಹೂವು ಬಿಡಿಸುತ್ತಾ ಹಜಾರದಿಂದಲೇ ಸಮಾಧಾನ ಹೇಳಿದರು. "ಗಾಬರಿ ಆಗ್ಬೇಡ. ಆ ಪಾತ್ರೆ ಅವರದ್ದು. ನಮ್ದು ಮೇಲಿನ ಶೆಲ್ಫಲ್ಲಿದೆ. ಒಳ್ಳೇದನ್ನ ಅವರಿಟ್ಕೊಂಡು ಸೋರೋದನ್ನ ನಮಗೆ ಕೊಟ್ಟಿದಾರೆ." ಆಮೇಲೆ ದನಿ ಸ್ವಲ್ಪ ಎತ್ತರಿಸಿ ಕೇಳಿದರು: "ಏನ್ರೀ, ನಿಮ್ಮ ಇಡ್ಲಿಗೆ ಚಟ್ನಿ ರುಬ್ಬಲಾ, ಸಾಂಬಾರೇ ಸಾಕಾ?"

ಒಂದು ಕಾರ್ಬೊರೇಟರಿಗೆ ಇಷ್ಟೆಲ್ಲ ಉಪಚಾರ ಯಾಕೆ? ಅದರ ಕಾರಣ ಹೇಳದೆ ಮುಂದೆ ಹೋಗುವಂತಿಲ್ಲ. ಇದು ನಾನು ಬರುವ ಮೊದಲು ನಡೆದದ್ದು. ಮಾವನೂ ಅತ್ತೆಯೂ ಬೇರೆ ಬೇರೆಯಾಗಿ ಒಂದೇ ರೀತಿ ಹೇಳುವುದರಿಂದ ನಿಜವೆಂದು ದಾಖಲಿಸುತ್ತೇನೆ.

ಆಗೆಲ್ಲ ಇಬ್ಬರೂ ಇದೇ ಗಾಡಿಯಲ್ಲಿ ಪೂಜೆಗಳಿಗೆ ಹೋಗುತ್ತಿದ್ದರಂತೆ. ಮುಂದೆ ಮಾವ, ಹಿಂದೆ ಒಂದೇ ಕಡೆ ಕಾಲು ಬಿಟ್ಟುಕೊಂಡು ಅತ್ತೆ, ಅತ್ತೆಯ ತೊಡೆಯ ಮೇಲೆ ಹೂವಿನ ಬುಟ್ಟಿ. ಮಾವನಿಗೆ ಯಜಮಾನರ ಗೋತ್ರ, ನಕ್ಷತ್ರ ನೆನಪಿರುವುದಿಲ್ಲ. ಅತ್ತೆಗೆ ಇಡೀ ಭದ್ರಾವತಿಯ ಗೋತ್ರಗಳು ಬಾಯಿಪಾಠ. ದಾರಿಯುದ್ದಕ್ಕೂ ಹಿಂದಿನಿಂದ ಹೇಳಿಕೊಡುತ್ತಾ ಹೋಗುತ್ತಿದ್ದರಂತೆ. ಒಂದು ದಿನ ಮಲವಗೊಪ್ಪ ದಾಟಿದ ಮೇಲೆ ಮಾವ ಒಂದು ಟ್ರ್ಯಾಕ್ಟರನ್ನು ಹಿಂದೆ ಹಾಕಲು ರಸ್ತೆಯ ನಡುವಿಗೆ ಬಂದರು. ಸರಿಯಾಗಿ ಅಲ್ಲಿಯೇ ಅಡುಗೆಯವನು ಕೈಕೊಟ್ಟ. ಗಾಡಿ ನಿಂತಿತು. ಹಿಂದೆ ಬರುತ್ತಿದ್ದ ಲಾರಿಯವನು ಬ್ರೇಕಿನ ಮೇಲೆ ನಿಂತುಬಿಟ್ಟ. ಲಾರಿ ನಿಂತಾಗ ಅದರ ಬಂಪರಿಗೂ ಅತ್ತೆಯ ಸೆರಗಿಗೂ ನಡುವೆ ಒಂದು ಮಣೆ ಹಾಕುವಷ್ಟು ಜಾಗ ಉಳಿದಿತ್ತು.

ಅತ್ತೆ ಇಳಿದರು. ಚೆಲ್ಲಿದ ಹೂವನ್ನು ಬುಟ್ಟಿಗೆ ತುಂಬಿಕೊಂಡರು. ರಸ್ತೆ ದಾಟಿ ಹೋಗಿ ಬಸ್ಸಿಗೆ ಕೈ ಮಾಡಿದರು. ಬಸ್ಸಿನ ಮೆಟ್ಟಿಲ ಮೇಲೆ ನಿಂತು ಹೇಳಿದರಂತೆ: "ಈ ಗಾಡಿ ಎಲ್ಲೂ ನಿಲ್ಲದೆ ಭದ್ರಾವತಿಗೆ ಹೋಗಿ ಬರೋ ದಿನ ನನಗೆ ಹೇಳಿ. ಆವತ್ತು ಹತ್ತುತೀನಿ."

ಅಂದಿನಿಂದ ಪೂಜೆಗೆ ಮಾವ ಮೋಟಾರ್ ಸೈಕಲ್ಲಿನಲ್ಲಿ, ಅತ್ತೆ ಬಸ್ಸಿನಲ್ಲಿ! ಒಂದೇ ಮನೆಯಿಂದ ಹೊರಟು ಒಂದೇ ಮನೆಗೆ ಹೋಗಿ ಒಂದೇ ಪಂಕ್ತಿಯಲ್ಲಿ ಊಟ ಮಾಡಿ ಬೇರೆ ಬೇರೆಯಾಗಿ ವಾಪಸು ಬರುತ್ತಾರೆ. ನಮ್ಮ ಅತ್ತೆಯ ಕೋಪಕ್ಕೆ ಕೋಟೆಯಲ್ಲಿ ದೊಡ್ಡ ಹೆಸರಿದೆ. ಆದ್ದರಿಂದ ಯಾರಿಗೂ ಆಶ್ಚರ್ಯವಾಗಲಿಲ್ಲ. ಸಂಕಟವಾದದ್ದು ಮಾವನಿಗೆ. "ಸಂಕಲ್ಪದಲ್ಲಿ ಎಲ್ಲರ ಕೈಲೂ ಧರ್ಮಪತ್ನೀಸಮೇತಸ್ಯ ಅಂತ ಹೇಳಿಸ್ತೀನಿ. ಹೇಳ್ಸೋ ನಾನು ಮಾತ್ರ ಒಂಟಿ ಸವಾರ," ಅಂತ ಒಮ್ಮೆ ನನ್ನ ಹತ್ತಿರ ಹೇಳಿದರು. ನಕ್ಕುಕೊಂಡೇ ಹೇಳಿದರು, ಆದರೆ ನಗು ಬೇಗ ಮುಗಿಯಿತು.

ನನ್ನ ಗಂಡ ಒಂದು ಭಾನುವಾರ ತಿಂಡಿಯ ಹೊತ್ತಿಗೆ ಮಾತು ತೆಗೆದ. "ಅಪ್ಪಾ, ಈ ಗಾಡಿನ ಗುಜರಿಗೆ ಹಾಕಿ ಕರೆಂಟಿನ ಸ್ಕೂಟರ್ ತಗೊಳ್ಳೋಣ. ಅದರಲ್ಲಿ ಕಾರ್ಬೊರೇಟರೇ ಇರಲ್ಲ. ಅಮ್ಮನೂ ಹತ್ತುತಾರೆ."

ಮಾವ ದೋಸೆಯನ್ನು ತಟ್ಟೆಯಲ್ಲೇ ಬಿಟ್ಟು ಅವನನ್ನು ನೋಡಿದರು. "ನೋಡು ಮಾರಾಯ, ಅವಳು ಇಳಿದಿದ್ದು ಈ ಗಾಡಿಯಿಂದ. ಹತ್ತಬೇಕಾದ್ದೂ ಇದಕ್ಕೇ. ಬೇರೆ ಗಾಡಿಗೆ ಹತ್ತಿದ್ರೆ ಅದು ಬೇರೆ ಲೆಕ್ಕ."

ಇದಕ್ಕಾಗಿಯೇ ಈ ಕಾರ್ಬೊರೇಟರ್ ಸೇವೆ. ಅತ್ತೆ ಮತ್ತೆ ಹಿಂದಿನ ಸೀಟಿನಲ್ಲಿ ಕೂರಬೇಕು. ಮಾವನಿಗೆ ಬೇಕಾದದ್ದು ಅಷ್ಟೇ. ಮೆಕ್ಯಾನಿಕ್ಕುಗಳಿಗೆ ಕೊಡಬಹುದಿತ್ತಲ್ಲ ಅಂದಿರಾ? ಕೊಟ್ಟಿದ್ದರು. ಅವರು ತಂತಿ ಹಾಕಿ ತೂತು ದೊಡ್ಡದು ಮಾಡುತ್ತಾರೆ, ಎಂಜಲು ಬಾಯಲ್ಲಿ ಊದುತ್ತಾರೆ ಅಂತ ಮಾವನ ಆಕ್ಷೇಪಣೆ. ತಂತಿಯ ಮಾತು ಅರ್ಥವಾಗುತ್ತದೆ. ಎಂಜಲಿಗೂ ಎಂಜಿನ್ನಿಗೂ ಏನು ಸಂಬಂಧ ಅಂತ ಕೇಳಿದೆ. "ಅಡುಗೆಯವನ ಪಾತ್ರೆಗೆ ಊದ್ತಾರೇನಮ್ಮಾ ಯಾರಾದ್ರೂ?" ಅಂದರು.

ಆದ್ದರಿಂದ ಮಾವ ಕಾರ್ಬೊರೇಟರ್ ಬಿಚ್ಚುವುದು ಮಡಿಯಲ್ಲಿ. ಸ್ನಾನ ಮಾಡಿ, ಮಡಿಪಂಚೆ ಉಟ್ಟು, ಒಳಜಗುಲಿಯಲ್ಲಿ ಮಣೆ ಹಾಕಿಕೊಂಡು ಕೂರುತ್ತಾರೆ. ಮುಂದೆ ಕುಡಿಬಾಳೆಲೆ. ಬಿಚ್ಚಿದ ಭಾಗಗಳನ್ನು ಎಲೆಯ ಮೇಲೆ ಊಟ ಬಡಿಸುವ ಕ್ರಮದಲ್ಲಿ ಇಡುತ್ತಾರೆ. ಉಪ್ಪಿನ ಜಾಗದಲ್ಲಿ ಪೈಲಟ್ ಅನ್ನುವ ಸಣ್ಣ ಜೆಟ್, ಉಪ್ಪಿನಕಾಯಿಯ ಜಾಗದಲ್ಲಿ ದೊಡ್ಡ ಜೆಟ್, ಕೋಸಂಬರಿಯ ಜಾಗದಲ್ಲಿ ತಿರುಪುಗಳು, ಪಲ್ಯದ ಜಾಗದಲ್ಲಿ ಸೂಜಿ ಮತ್ತು ಸ್ಪ್ರಿಂಗು, ಹಪ್ಪಳದ ಜಾಗದಲ್ಲಿ ಸಂದಿ ಮುಚ್ಚುವ ಗ್ಯಾಸ್ಕೆಟ್ಟು. ಅನ್ನ ಬಡಿಸುವ ನಡುಮಧ್ಯದಲ್ಲಿ ಪೆಟ್ರೋಲು ತುಂಬುವ ಬಟ್ಟಲು. ಜೆಟ್ಟಿನ ತೂತಿಗೆ ತಂತಿಯಲ್ಲ, ದರ್ಭೆಯ ತುದಿ! ಆದರೆ ಸತ್ಯಕ್ಕೆ ದೂರವಾಗಬಾರದು: ಇದು ಒಳ್ಳೆಯ ಪದ್ಧತಿ. ಎಷ್ಟೇ ಗಡಿಬಿಡಿಯಿದ್ದರೂ ಯಾವ ಚೂರೂ ತಪ್ಪಿಹೋಗುವುದಿಲ್ಲ. ಎಲೆಯಲ್ಲಿ ಉಪ್ಪು ಎಲ್ಲಿರುತ್ತದೆ ಅಂತ ಯಾರು ಮರೆಯುತ್ತಾರೆ?

ಈ ಪದ್ಧತಿಯಲ್ಲಿ ಇರುವ ಒಂದೇ ದೋಷ ಎಲೆಯದ್ದು. ಒಂದು ದಿನ ಜೋಡಣೆಯ ಮಧ್ಯದಲ್ಲಿ ಯಾರೋ ಮುಹೂರ್ತ ಕೇಳಲು ಬಂದರು. ಧೂಳು ಕೂರದಿರಲಿ ಅಂತ ಮಾವ ಎಲೆಯನ್ನು ಅರ್ಧಕ್ಕೆ ಮಡಚಿಟ್ಟು ಎದ್ದುಹೋದರು. ಮಡಚಿದ ಎಲೆಗೆ ನಮ್ಮಲ್ಲಿ ಏನರ್ಥ? ಊಟ ಮುಗಿಯಿತು ಅಂತ! ಮನೆಗೆಲಸದ ರತ್ನಮ್ಮ ಬಂದಳು, ಮಡಚಿದ ಎಲೆ ನೋಡಿದಳು, ಎತ್ತಿಕೊಂಡು ಹೋಗಿ ಬೀದಿಯ ತುದಿಯಲ್ಲಿ ಕಟ್ಟಿದ್ದ ಹಸುವಿನ ಮುಂದೆ ಹಾಕಿದಳು.

ಮುಂದಿನದ್ದನ್ನು ನಾನು ಬಾಗಿಲಲ್ಲಿ ನಿಂತು ನೋಡಿದೆ. ಮಡಿಪಂಚೆಯನ್ನು ಮೊಣಕಾಲಿಗೆ ಎತ್ತಿಕಟ್ಟಿದ ನಮ್ಮ ಮಾವ ಕೋಟೆಯ ಬೀದಿಯಲ್ಲಿ ಓಡುತ್ತಿದ್ದರು. ಹಿಂದೆ ಪೊರಕೆ ಹಿಡಿದ ರತ್ನಮ್ಮ, "ನಂಗೇನ್ ಗೊತ್ತು ಅಯ್ನೋರೇ, ಎಲೆ ಸ್ವಲ್ಪ ಭಾರ ಇತ್ತು, ಉಣ್ಣದೆ ಬಿಟ್ಟಿದೀರ ಅಂದ್ಕಂಡಿದ್ದೆ!" ಅಂತ ಕೂಗುತ್ತಾ. ಮಾವ ಹೋದವರೇ ಒಂದು ಕೈಯಲ್ಲಿ ಹಸುವಿನ ಮೂಗುದಾರ ಹಿಡಿದು ಇನ್ನೊಂದು ಕೈಯಿಂದ ಎಲೆ ಎಳೆದರು. ಹಸು ಆ ಕಡೆಯಿಂದ ಎಳೆಯಿತು. ದೇವಸ್ಥಾನದಿಂದ ಬರುತ್ತಿದ್ದ ಹಿರಿಯರೊಬ್ಬರು ನಿಂತು ಭಕ್ತಿಯಿಂದ ಕೈಮುಗಿದರು.

"ಏನು ವಿಶೇಷ ಭಟ್ರೇ, ಗೋಪೂಜೆನಾ?"

"ಅಲ್ಲ ಸ್ವಾಮೀ, ಪೈಲಟ್ ಜೆಟ್ಟು!"

ಹಸುವಿನ ಹೊಟ್ಟೆಗೆ ಹೋದದ್ದು ಹಪ್ಪಳದ ಜಾಗದ ಗ್ಯಾಸ್ಕೆಟ್ ಒಂದೇ. ಅದು ಕಾಗದದ್ದು, ಹಸುವಿಗೆ ಏನೂ ಆಗಲಿಲ್ಲ. ಮಾವ ಮಾತ್ರ ದಿನವೂ ಹೋಗಿ ಅದರ ಮುಖ ನೋಡಿ ಬರುತ್ತಿದ್ದರು.

ಹೊಸ ಗ್ಯಾಸ್ಕೆಟ್ ತರಲು ಭದ್ರಾವತಿಗೇ ಹೋಗಬೇಕು. ಹೊಸಮನೆಯ ಕಡೆ ಸೆಲ್ವಣ್ಣ ಅಂತ ಒಬ್ಬನ ಹಳೆ ಬಿಡಿಭಾಗಗಳ ಅಂಗಡಿ ಇದೆ. ಅಂಗಡಿ ಅನ್ನುವುದಕ್ಕಿಂತ ಗುಹೆ ಅನ್ನಬಹುದು. ತಯಾರಿಕೆ ನಿಂತುಹೋದ ಗಾಡಿಗಳ ಎಲ್ಲ ಅಂಗಾಂಗಗಳೂ ಅಲ್ಲಿ ಡಬ್ಬಿಗಳಲ್ಲಿ ಮಲಗಿವೆ. ಒಮ್ಮೆ ನಾನೂ ಜೊತೆಗೆ ಹೋಗಿದ್ದೆ. ಬಿಡಿಭಾಗ ಆರಿಸುವುದು ಅಂದರೆ ಸಂತೆಯಲ್ಲಿ ಬದನೆಕಾಯಿ ಆರಿಸಿದ ಹಾಗೆ ಅಂದುಕೊಂಡಿದ್ದೆ. ಅಲ್ಲ. ಹುಡುಗಿ ನೋಡುವ ಶಾಸ್ತ್ರದ ಹಾಗೆ!

ಮಾವ ಸಣ್ಣ ಸೂಜಿಯೊಂದನ್ನು ಬೆಳಕಿಗೆ ಹಿಡಿದರು, ಉಗುರಿನ ಮೇಲೆ ಉರುಳಿಸಿದರು, ತುದಿಯಲ್ಲಿ ಸವೆತದ ಗೆರೆ ಇದೆಯಾ ನೋಡಿದರು. ರಬ್ಬರ್ ಉಂಗುರವನ್ನು ಮೂಸಿದರು. ಇಷ್ಟರವರೆಗೆ ಸರಿ. ಬಟ್ಟಲಿಗೆ ಪೆಟ್ರೋಲು ಬಿಡುವ ಮುಚ್ಚುಸೂಜಿ ಒಂದು, ಅದು ಕೂರುವ ಪೀಠ ಒಂದು. ಎರಡೂ ಸೇರಿದ ಪೊಟ್ಟಣವನ್ನು ಸೆಲ್ವಣ್ಣ ಮುಂದಿಟ್ಟ.

"ಇದು ತಗೊಳ್ಳಿ ಸಾಮಿ. ಸೆಟ್ಟು. ಸೂಜಿನೂ ಸೀಟೂ ಒಂದೇ ಕಂಪನಿ."

ಮಾವ ಪೊಟ್ಟಣವನ್ನು ಹಿಂದಕ್ಕೆ ತಳ್ಳಿದರು. "ಆಗೋದಿಲ್ಲ. ಸಗೋತ್ರ."

ನನ್ನ ಕಿವಿಗೆ ಬಿದ್ದದ್ದು ಸರಿಯೇ ಅನ್ನಿಸಿತು. ಸೆಲ್ವಣ್ಣನಿಗೂ ಅನ್ನಿಸಿರಬೇಕು, ತಮಿಳಿಗೇ ಇಳಿದ. "ಎನ್ನ ಸಾಮಿ? ಯಾರು ಗೋತ್ರ?"

"ಗಂಡೂ ಹೆಣ್ಣೂ ಒಂದೇ ಮನೆಯಿಂದ ತರಬಾರದಪ್ಪ. ಒಂದೇ ಕಂಪನಿ ಅಂದ್ರೆ ಒಂದೇ ಲೋಹ. ಎರಡೂ ಒಟ್ಟಿಗೇ ಸವೀತವೆ. ಇದರ ಸೂಜಿ ಕೊಡು, ಬೇರೆ ಕಂಪನಿ ಸೀಟು ಕೊಡು."

"ಸಾಮಿ, ನಲವತ್ತು ವರ್ಷದಿಂದ ಪಾರ್ಟ್ಸು ಮಾರ್ತೀನಿ. ಕಂಪನಿ ಕೇಳ್ತಾರೆ, ರೇಟ್ ಕೇಳ್ತಾರೆ. ಜಾತಕ ಕೇಳಿದ್ದು ನೀವೇ ಫಸ್ಟು!"

ಕೊಟ್ಟ. ಜಾತಕ ಕೂಡಿದ ಆ ಸೂಜಿ ಆ ಪೀಠದಲ್ಲಿ ಒಂದು ದಿನವೂ ಸಂಸಾರ ಮಾಡಲಿಲ್ಲ. ಬಟ್ಟಲು ತುಂಬಿದರೂ ಪೆಟ್ರೋಲು ನಿಲ್ಲದೆ ಉಕ್ಕಿ ಅಂಗಳಕ್ಕೆ ಹರಿಯಿತು. ಅತ್ತೆಯ ರಂಗೋಲಿಯ ಒಂದು ಮೂಲೆ ಕರಗಿಹೋಯಿತು. ಅತ್ತೆ ಹೊರಗೆ ಬಂದು ರಂಗೋಲಿ ನೋಡಿದರು, ಮಾವನನ್ನು ನೋಡಿದರು. "ಹುಡುಗಿ ಕಡೆಯವರು ಜಗಳ ತೆಗೆದ ಹಾಗಿದೆ," ಅಂದು ಒಳಗೆ ಹೋದರು.

ಇನ್ನು ಗ್ರಹಣದ ವಿಷಯ. ಇದನ್ನು ಬರೆಯುವಾಗ ಈಗಲೂ ನನ್ನ ಕೈ ತಡೆಯುತ್ತದೆ.

ದೇವರ ಹಿತ್ತಾಳೆ ಪಾತ್ರೆಗಳಿಗೆ ಹುಣಸೆಹುಳಿ ಹಚ್ಚಿದರೆ ಬಂಗಾರದ ಹಾಗೆ ಹೊಳೆಯುತ್ತವಲ್ಲ, ಅದನ್ನು ನೋಡಿ ಮಾವ ಕಾರ್ಬೊರೇಟರಿನ ಇಡೀ ಮೈಯನ್ನು ಹುಣಸೆ ನೀರಿನಲ್ಲಿ ಮುಳುಗಿಸಿದರು. ಸ್ವಲ್ಪ ಹೊತ್ತು ನೆನೆಸಿ ತೆಗೆಯುವುದು ಯೋಜನೆ. ಅಷ್ಟರಲ್ಲಿ ಗ್ರಹಣದ ಶಾಂತಿ ಕೇಳಿಕೊಂಡು ಒಬ್ಬರ ಹಿಂದೆ ಒಬ್ಬರು ಬಂದರು. ಅವರೆಲ್ಲ ಹೋಗುವ ಹೊತ್ತಿಗೆ ಗ್ರಹಣವೇ ಹಿಡಿಯಿತು. ಗ್ರಹಣದ ಹೊತ್ತಿನಲ್ಲಿ ಪಾತ್ರೆ ಮುಟ್ಟುವ ಹಾಗಿಲ್ಲ, ಮೋಕ್ಷದ ಸ್ನಾನವಾಗುವ ತನಕ ಯಾವ ಕೆಲಸವೂ ಇಲ್ಲ. ಮಾವ ಜಪಕ್ಕೆ ಕೂತರು. ನನಗೆ ಮನಸ್ಸು ತಡೆಯಲಿಲ್ಲ. ಲ್ಯಾಬಿನಲ್ಲಿ ಆಮ್ಲ ಏನು ಮಾಡುತ್ತದೆ ಅಂತ ನೋಡಿದವಳು ನಾನು.

"ಮಾವ, ಅದು ಹುಳಿಯಲ್ಲೇ ಇದೆಯಲ್ಲ?"

ಮಾವ ಜಪಸರ ನಿಲ್ಲಿಸದೆ ಕಣ್ಣಿನಲ್ಲೇ ಆ ಪಾತ್ರೆಯನ್ನು ತೋರಿಸಿದರು. ಮನೆಯ ಹಾಲು, ಮೊಸರು, ಉಪ್ಪಿನಕಾಯಿ ಜಾಡಿಗಳ ಮೇಲೆಲ್ಲ ಗ್ರಹಣದೋಷ ತಟ್ಟದಿರಲಿ ಅಂತ ಒಂದೊಂದು ದರ್ಭೆ ಹಾಕುತ್ತಾರಲ್ಲ, ಅದರ ಮೇಲೂ ಒಂದು ದರ್ಭೆ ಇತ್ತು!

ಮರುದಿನ ಬೆಳಿಗ್ಗೆ ಪಾತ್ರೆಯಲ್ಲಿ ನೀರು ಮಸಿಯಾಗಿತ್ತು. ಮಾವ ಕೈಹಾಕಿ ಎತ್ತಿದರು. ಹಿತ್ತಾಳೆಗೆ ಒಗ್ಗುವ ಹುಣಸೆ ಆ ಬಿಳಿ ಲೋಹಕ್ಕೆ ಒಗ್ಗಿರಲಿಲ್ಲ. ಮೈಯೆಲ್ಲ ಕಪ್ಪು, ಮೇಲೆ ಸಿಡುಬಿನ ಕಲೆಗಳ ಹಾಗೆ ಗುಳಿಗಳು. ಅಂಚಿನ ಒಂದು ತುಣುಕು ಅವರ ಬೆರಳಿಗೇ ಪುಡಿಯಾಗಿ ಬಂತು. ಮೂವರೂ ನಿಂತು ನೋಡಿದೆವು.

ಕೊನೆಗೆ ಅತ್ತೆ ಹೇಳಿದರು: "ಗ್ರಹಣ ಹಿಡಿದಿದ್ದು ಚಂದ್ರನಿಗೆ ಅಂತ ತಿಳಿದಿದ್ದೆ."

ಮಾವ ನಗಲಿಲ್ಲ. ಕಾರ್ಬೊರೇಟರನ್ನು ಟವೆಲ್ಲಿನಲ್ಲಿ ಸುತ್ತಿಕೊಂಡು ಜಗುಲಿಯ ಮೇಲೆ ಕೂತುಬಿಟ್ಟರು. ಆ ದಿನ ಮಾತ್ರ ನನಗೆ ಗಾಬರಿಯಾಯಿತು. ಇಷ್ಟು ಕೆಟ್ಟರೂ, ಇಷ್ಟು ನಿಂತರೂ ಅವರು ಸೋತವರ ಹಾಗೆ ಕೂತದ್ದನ್ನು ನಾನು ನೋಡಿರಲಿಲ್ಲ. "ಮೊದಲೆಲ್ಲ ಹಿಂದೆ ಅವಳಿರ್ತಿದ್ಲು," ಅಂದರು ನೆಲ ನೋಡುತ್ತಾ. "ಈಗ ಭದ್ರಾವತಿ ದೂರ ಆಗಿಬಿಟ್ಟಿದೆ ಕಣಮ್ಮಾ. ರಸ್ತೆ ಅಗಲ ಮಾಡಿದಾರೆ, ಚೆನ್ನಾಗಿದೆ, ಆದ್ರೂ ಮುಗಿಯೋದೇ ಇಲ್ಲ."

ನಾನೇ ಅವರನ್ನು ಬಸ್ಸಿಗೆ ಹತ್ತಿಸಿಕೊಂಡು ಸೆಲ್ವಣ್ಣನಲ್ಲಿಗೆ ಕರೆದುಕೊಂಡು ಹೋದೆ. ಸೆಲ್ವಣ್ಣ ಟವೆಲ್ ಬಿಚ್ಚಿ ನೋಡಿದವನು ಎದೆಗೆ ಕೈ ಇಟ್ಟುಕೊಂಡ. "ಅಯ್ಯಯ್ಯೋ ಸಾಮಿ! ಇದನ್ನ ಸುಟ್ರಾ, ಹೂತಿದ್ರಾ?" ಆಮೇಲೆ ಸ್ಟೂಲು ಹಾಕಿಕೊಂಡು ಮೇಲಿನ ಅಟ್ಟದಿಂದ ಎಣ್ಣೆಕಾಗದದಲ್ಲಿ ಸುತ್ತಿದ ಒಂದು ಪೊಟ್ಟಣ ಇಳಿಸಿದ. ಅದೇ ಗಾಡಿಯದ್ದು, ಬಳಸದೇ ಇದ್ದದ್ದು, ಒಳಗಿನ ಸೂಜಿ ಜೆಟ್ಟುಗಳೆಲ್ಲ ಒಂದೇ ಕಂಪನಿಯವು. ಕೊಡುವ ಮೊದಲು ಮಾವನ ಕೈ ಹಿಡಿದುಕೊಂಡ.

"ಸಾಮಿ, ಈ ಸಲ ಗೋತ್ರ ಬೇಡ. ಲವ್ ಮ್ಯಾರೇಜು ಅಂದ್ಕೊಂಡು ಹಂಗೇ ಮನೆ ತುಂಬಿಸ್ಕೊಳ್ಳಿ."

ಮಾವ ಪೊಟ್ಟಣವನ್ನು ತಿರುವಿ ತಿರುವಿ ನೋಡಿದರು. "ಕಾಲ ಬದಲಾಗಿದೆ. ಆಗಲಿ," ಅಂದರು.

ಬದಲಾಗಿತ್ತು! ಹೊಸ ಕಾರ್ಬೊರೇಟರ್ ಕೂರಿಸಿ, ಗಾಳಿಯ ತಿರುಪನ್ನು ಕೂದಲೆಳೆಯಷ್ಟು ಆಚೆ, ಕೂದಲೆಳೆಯಷ್ಟು ಈಚೆ ತಿರುಗಿಸಿ, ಕೊನೆಗೆ ಒಂದು ದಿನ ಮಾವ ಕಿಕ್ ಹೊಡೆದಾಗ ಆ ಗಾಡಿಯಿಂದ ನಾನು ಕೇಳಿಯೇ ಇರದ ಒಂದು ಶಬ್ದ ಬಂತು. ಕೆಮ್ಮಿಲ್ಲ, ಬಿಕ್ಕಳಿಕೆಯಿಲ್ಲ. ಒಂದೇ ಶ್ರುತಿ. ಪಕ್ಕದ ಮನೆಯವರು ಹೊರಗೆ ಬಂದು, "ಯಾರ ಗಾಡಿ ಬಂದಿದೆ?" ಅಂತ ಕೇಳಿದರು.

ಅತ್ತೆಯ ಷರತ್ತಿನ ಪ್ರಕಾರ ಭದ್ರಾವತಿಗೆ ಹೋಗಿಬರುವ ಪರೀಕ್ಷೆಯಾಗಬೇಕು. ಸಾಕ್ಷಿಗೆ ನಾನು. ನನ್ನ ಸ್ಕೂಟರಿನಲ್ಲಿ ಹಿಂದೆ ಹಿಂದೆ ಹೋದೆ. ಹೊಳೆಯ ಸೇತುವೆ ದಾಟಿ, ವಿದ್ಯಾನಗರ, ಮಲವಗೊಪ್ಪ, ಮಾಚೇನಹಳ್ಳಿ ದಾಟಿ ಭದ್ರಾವತಿ ಮುಟ್ಟಿ, ತಿರುಗಿ ಬಂದೆವು. ಗಾಡಿ ಎಲ್ಲೂ ನಿಲ್ಲಲಿಲ್ಲ. ಮನೆಗೆ ಬಂದಾಗ ಅತ್ತೆ ನನ್ನನ್ನು ದೇವರಮನೆಯ ಎದುರು ನಿಲ್ಲಿಸಿ ಕೇಳಿದರು.

"ನಿಲ್ತಾ?"

"ಇಲ್ಲ ಅತ್ತೆ."

"ಕೆಮ್ತಾ?"

"ಇಲ್ಲ."

"ಎಲ್ಲಾದ್ರೂ ಇಳಿದು ತಳ್ಳಿದ್ರಾ? ನೀನು ಸುಳ್ಳು ಹೇಳೋಳಲ್ಲ, ಅದಕ್ಕೇ ಕೇಳ್ತಿದೀನಿ."

"ಇಲ್ಲ ಅತ್ತೆ. ಸರಿಯಾಗಿತ್ತು."

"ಸರಿ," ಅಂದರು. ಆ ಸರಿ ಬಹಳ ಸಣ್ಣದಾಗಿತ್ತು. ಗಮನಿಸಿದೆ, ಅರ್ಥವಾಗಲಿಲ್ಲ. ಸೋತವರ ಬೇಜಾರು ಅಂದುಕೊಂಡೆ.

ಭದ್ರಾವತಿಯ ಜನ್ನಾಪುರದಲ್ಲಿ ಒಂದು ಗೃಹಪ್ರವೇಶ ಬಂತು. ಬೆಳಿಗ್ಗೆ ಮಾವ ಹಿಂದಿನ ಸೀಟನ್ನು ಒರೆಸಿ ಅದರ ಮೇಲೆ ಮಡಚಿದ ಶಾಲು ಹಾಸಿದರು. ಅತ್ತೆ ರೇಷ್ಮೆ ಸೀರೆಯುಟ್ಟು ಹೂವಿನ ಬುಟ್ಟಿ ಹಿಡಿದು ಬಂದರು. ಬೀದಿಯ ಬಾಗಿಲುಗಳಲ್ಲೆಲ್ಲ ಜನ! ಆರತಿ ಎತ್ತುವುದೊಂದು ಬಾಕಿ. ಅತ್ತೆ ಯಾರನ್ನೂ ನೋಡದೆ ಸೀಟು ಹತ್ತಿ ಕೂತರು. ಪೂಜಾಸಾಮಾನಿನ ಚೀಲ ಹೊತ್ತು ನಾನು ಹಿಂದೆ ಹೊರಟೆ. ಮಾವನ ಬೆನ್ನು ಅಷ್ಟು ನೇರವಾಗಿದ್ದದ್ದನ್ನು ನಾನು ನೋಡಿರಲಿಲ್ಲ. ಸೇತುವೆಯ ಮೇಲೆ ಅವರು ಏನೋ ಕೇಳಿದ್ದು, ಅತ್ತೆಯ ತುಟಿ ಅಲುಗದೇ ಇದ್ದದ್ದು ಕಂಡೆ.

ಮಲವಗೊಪ್ಪ ದಾಟಿದೆವು. ಹಿಂದಿನಿಂದ ಒಂದು ಲಾರಿ ಹಾರ್ನ್ ಹೊಡೆದು ನಮ್ಮ ಪಕ್ಕದಲ್ಲೇ ಹಾದುಹೋಯಿತು. ಅತ್ತೆ ಎಡಕ್ಕೆ ಮುಖ ಮಾಡಿ ಕೂತಿದ್ದರು, ನಾನು ಎಡಬದಿಯಲ್ಲಿಯೇ ಹಿಂದೆ ಇದ್ದೆ. ಆದ್ದರಿಂದ ನಾನು ನೋಡಿದ್ದರಲ್ಲಿ ತಪ್ಪಿಲ್ಲ. ಅವರ ಕಣ್ಣು ಬಿಗಿಯಾಗಿ ಮುಚ್ಚಿತ್ತು. ಮುಖದಲ್ಲಿ ರಕ್ತವಿರಲಿಲ್ಲ. ಒಂದು ಕೈ ಮಾವನ ಭುಜದ ಶಲ್ಯವನ್ನು ಹಿಂಡಿ ಹಿಡಿದಿತ್ತು, ಮತ್ತು ಆ ಕೈ ಶಲ್ಯದ ಸಮೇತ ನಡುಗುತ್ತಿತ್ತು. ನಮ್ಮ ಅತ್ತೆ! ಇಡೀ ಕೋಟೆ ಯಾರ ಕೋಪಕ್ಕೆ ಹೆದರುತ್ತಿತ್ತೋ ಆ ಅತ್ತೆ.

ಆಗ ಮಾವನ ಎಡಗೈ ಹ್ಯಾಂಡಲ್ ಬಿಟ್ಟು ಕೆಳಗೆ ಬಂತು. ಟ್ಯಾಂಕಿನ ಅಡಿಯಲ್ಲಿ ಪೆಟ್ರೋಲಿನ ನಲ್ಲಿ ಇದೆ. ಆ ಕೈ ಅದನ್ನು ತಿರುಗಿಸಿ ಮುಚ್ಚಿ, ಮತ್ತೆ ಹ್ಯಾಂಡಲಿಗೆ ಹೋಯಿತು.

ನಲ್ಲಿ ಮುಚ್ಚಿದ ಕೂಡಲೇ ಗಾಡಿ ನಿಲ್ಲುವುದಿಲ್ಲ. ಕಾರ್ಬೊರೇಟರಿನ ಬಟ್ಟಲಿನಲ್ಲಿ ಉಳಿದದ್ದು ಮುಗಿಯುವ ತನಕ ಓಡುತ್ತದೆ. ಮುಗಿದ ಮೇಲೆ ಕೆಮ್ಮಿ ನಿಲ್ಲುತ್ತದೆ, ಇಷ್ಟು ವರ್ಷ ನಿಂತ ಹಾಗೆಯೇ. ಕೀಲಿ ತಿರುಗಿಸಿ ನಿಲ್ಲಿಸಿದ್ದರೆ ಅತ್ತೆಗೆ ಗೊತ್ತಾಗಿಬಿಡುತ್ತಿತ್ತು. ಮಾವ ನಿಧಾನ ಮಾಡುತ್ತಾ ರಸ್ತೆಯ ಅಂಚಿಗೆ ಬಂದರು. ಒಂದು ಬಸ್ ಸ್ಟಾಪ್ ಕಂಡಿತು. ಸರಿಯಾಗಿ ಅದರ ನೆರಳಿಗೆ ಬರುವಾಗ ಗಾಡಿ ಕೆಮ್ಮಿತು, ಇನ್ನೊಮ್ಮೆ ಕೆಮ್ಮಿತು, ನಿಂತಿತು.

ಅತ್ತೆ ಇಳಿದರು. ಮುಖಕ್ಕೆ ಬಣ್ಣ ವಾಪಸು ಬರುವುದು ನನಗೆ ಕಾಣುತ್ತಿತ್ತು. "ನಾನು ಹೇಳಿರಲಿಲ್ವಾ? ಹೇಳಿರಲಿಲ್ವಾ ನಾನು! ಈ ಜನ್ಮದಲ್ಲಿ ಆಗೋದಲ್ಲ ನಿಮ್ಮ ಕೈಲಿ!"

ಮಾವ ಸುಮ್ಮನೆ ಕಿಕ್ ಹೊಡೆದರು, ಬಗ್ಗಿ ನೋಡಿದರು, ತಲೆ ಕೆರೆದುಕೊಂಡರು. "ಏನೋ ಕಸ ಸಿಕ್ಕಿರಬೇಕು ಕಣೇ. ಗೆದ್ದೆ ಬಿಡು ನೀನು."

"ಕಸವಂತೆ! ಮಡಿಯಲ್ಲಿ ತೊಳೆದಿದ್ದಂತೆ!" ಬಸ್ಸು ಬಂತು. ಅತ್ತೆ ಬುಟ್ಟಿ ಎತ್ತಿಕೊಂಡು ಹತ್ತಿದವರು ತಿರುಗಿ ನಿಂತರು. ದನಿ ತಗ್ಗಿತ್ತು. "ನಿಧಾನ ತಳ್ಕೊಂಡು ಬನ್ನಿ. ಓಡಬೇಡಿ. ಮುಹೂರ್ತಕ್ಕೆ ಇನ್ನೂ ಹೊತ್ತಿದೆ. ಅವರದ್ದು ಕಾಶ್ಯಪ ಗೋತ್ರ, ಮರೀಬೇಡಿ."

ಬಸ್ಸು ಹೊರಟಿತು. ನಾನು ಸ್ಕೂಟರಿಗೆ ಸ್ಟ್ಯಾಂಡ್ ಹಾಕಿ ಬಂದು ಟ್ಯಾಂಕಿನ ಅಡಿಯ ನಲ್ಲಿಯನ್ನು ನೋಡಿದೆ. ಮುಚ್ಚಿಯೇ ಇತ್ತು. ತೆರೆಯಲು ಕೈಹಾಕಿದೆ. ಮಾವ ನನ್ನ ಕೈ ತಡೆದರು.

"ಮಾವ, ನೀವೇ..."

"ಅವಳ ಕೈ ನಡುಗ್ತಿತ್ತಮ್ಮಾ," ಅಂದರು. "ನಾನು ಇಷ್ಟು ವರ್ಷ ಕೋಪ ಅಂದ್ಕೊಂಡಿದ್ದೆ. ನನ್ನ ಮೇಲೆ ಕೋಪ ಅಂತ. ಹೆದರಿಕೆ ಅಂತ ಹೇಳ್ಕೊಳ್ಳೋ ಹೆಂಗಸಾ ಅವಳು? ಗಾಡಿ ಸರಿಯಾಗಿ ಓಡ್ತಿದ್ರೆ ಇಳೀತೀನಿ ಅಂತ ಯಾವ ಬಾಯಲ್ಲಿ ಹೇಳ್ತಾಳೆ?"

ಮಾವ ಶಲ್ಯವನ್ನು ಸೊಂಟಕ್ಕೆ ಬಿಗಿದು, ಎರಡು ಕೈಯಿಂದ ಹ್ಯಾಂಡಲ್ ಹಿಡಿದು, ಆ ಸರಿಯಾದ ಗಾಡಿಯನ್ನು ಬಿಸಿಲಿಗೆ ತಳ್ಳಲು ಶುರುಮಾಡಿದರು. ನಾನು ಹಿಂದಿನಿಂದ ಕೈ ಕೊಟ್ಟೆ.

"ಸಾಕಲ್ಲ ಮಾವ? ಬಸ್ಸು ಹೋಯ್ತು. ಈಗ ಸ್ಟಾರ್ಟ್ ಮಾಡಬಹುದು."

ಮಾವ ತಲೆ ತಗ್ಗಿಸಿಕೊಂಡು ಕಷ್ಟಪಟ್ಟು ತಳ್ಳುವವರ ಹಾಗೆ ಇನ್ನಷ್ಟು ಬಗ್ಗಿದರು.

"ತಳ್ಳು ಮಾರಾಯ್ತಿ, ತಳ್ಳು. ಬಸ್ಸಿನ ಹಿಂದಿನ ಸೀಟಲ್ಲೇ ಕೂತಿದಾಳೆ. ಇನ್ನೂ ನೋಡ್ತಾ ಇದಾಳೆ."